ಏಳರಿಂದ ಒಂಬತ್ತರವರೆಗೆ

ಸೆಪ್ಟೆಂಬರ್ 1, ಭಾನುವಾರ

ಪ್ರೀ-ಆಂಪ್ಲಿಫೈಯರ್ ಮುಗಿಯಿತು. ಎಂಟು ತಿಂಗಳ ಕೆಲಸ. ರೆಕಾರ್ಡಿನ ಮೇಲೆ ಓಡುವ ಮುಳ್ಳು ಹೆಕ್ಕಿಕೊಡುವ ಸದ್ದು ಸೊಳ್ಳೆಯ ರೆಕ್ಕೆಯ ಸದ್ದಿಗಿಂತ ಸಣ್ಣದು. ಅದನ್ನು ಕೆಡಿಸದೆ ದೊಡ್ಡದು ಮಾಡಿ ಮುಂದಿನ ಪೆಟ್ಟಿಗೆಗೆ ದಾಟಿಸುವುದಷ್ಟೇ ಇದರ ಕೆಲಸ. ಒಳಗೆ ಮೂರು ಗಾಜಿನ ವಾಲ್ವುಗಳಿವೆ. ಅವು ಬಿಸಿಯಾಗಲು ಅರ್ಧ ಗಂಟೆ ಬೇಕು, ಆದ್ದರಿಂದ ಆರೂವರೆಗೇ ಹಚ್ಚಿದೆ.

ಏಳಕ್ಕೆ ಒಳಕೋಣೆಯ ಬಾಗಿಲಲ್ಲಿ ನಿಂತು ಹೆಂಡತಿಗೆ "ಏಳಾಯ್ತು" ಅಂದೆ. ಹೊಲಿಗೆ ಯಂತ್ರ ನಿಂತಿತು. ಅದರ ಮೋಟಾರು ಓಡುತ್ತಿದ್ದರೆ ಕರೆಂಟಿನ ತಂತಿಯಲ್ಲೇ ಒಂದು ಗುರುಗುರು ಹರಿದು ಬರುತ್ತದೆ. ಯಾವ ಫಿಲ್ಟರಿಗೂ ಬಗ್ಗುವುದಿಲ್ಲ. ಹಾಗಾಗಿ ಹನ್ನೊಂದು ವರ್ಷದಿಂದ ಏಳರಿಂದ ಒಂಬತ್ತರವರೆಗೆ ಇವಳು ಯಂತ್ರ ಮುಟ್ಟುವುದಿಲ್ಲ. ಗುಂಡಿ ಹಚ್ಚುವುದು, ಹೊಲಿಗೆ ಬಿಚ್ಚುವುದು, ಕೈಕೆಲಸ ಏನಿದ್ದರೂ ಆಗ. ಒಳ್ಳೆಯ ಏರ್ಪಾಡು.

ನನ್ನ ಪರೀಕ್ಷೆಯ ರೆಕಾರ್ಡು ಒಂದೇ: ಒಂಟಿ ಪಿಟೀಲು, ಎರಡನೆಯ ಬದಿ. ಮೂರನೆಯ ನಿಮಿಷದಲ್ಲಿ ನುಡಿಸುವಾತ ಕಮಾನು ಇಳಿಸುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾನೆ. ಹಳೆಯ ಪೆಟ್ಟಿಗೆಯಲ್ಲಿ ಅದು ಧೂಳಿನ ಸದ್ದಿನಂತೆ ಕೇಳುತ್ತಿತ್ತು. ಇವತ್ತು ಉಸಿರಾಗಿಯೇ ಕೇಳಿತು. ಮೂಗಿನ ಉಸಿರು, ಬಾಯಿಯದಲ್ಲ.

ಉಳಿದ ಕೊರತೆ ಒಂದೇ. ಮುಚ್ಚಳ ತೆಗೆದಾಗ ವಾಲ್ವಿನ ಸಾಕೆಟ್ಟಿನಲ್ಲಿ ನೀಲಿ ನೂಲಿನ ಎಳೆ ಸಿಕ್ಕಿತು. ನನ್ನ ಕುರ್ಚಿಯ ಹಿಂದಿನ ಗೋಡೆಯ ತುಂಬ ಇವಳ ಬಟ್ಟೆಯ ಥಾನುಗಳಿವೆ, ನೆಲದಿಂದ ಸೂರಿನ ತನಕ. ಒಳಕೋಣೆಯಲ್ಲಿ ತೇವ ಎಂದು ಇಲ್ಲಿ ಪೇರಿಸಿದ್ದಾಳೆ. ಪರದೆಯ ಬಟ್ಟೆ, ಕೋಟಿನ ಬಟ್ಟೆ, ಸೋಫಾ ಹೊದಿಕೆಯ ಬಟ್ಟೆ. ಅವನ್ನೆಲ್ಲ ಅಲ್ಲಿಂದ ತೆಗೆಯಬೇಕೆಂದು ಹೇಳಿದೆ.

"ಎಲ್ಲಾನೂ?"

"ಎಲ್ಲಾನೂ."

"ಸರಿ. ಆಮೇಲೆ ನನ್ನನ್ನ ಕೇಳಬೇಡಿ" ಎಂದಳು.

ಸೆಪ್ಟೆಂಬರ್ 4, ಬುಧವಾರ

ಊಟ ಮಾಡುವಾಗ ಒಂದು ವಿಷಯ ಹೇಳಿದಳು. ಅವಳ ಅಕ್ಕನಿಗೆ ಕಣ್ಣು ಮಂಜಾಗುತ್ತಿದೆ. ಹೊಲಿಯುವುದು ಕೈಯ ಅಭ್ಯಾಸದ ಮೇಲೆ ಹೇಗೋ ನಡೆದುಹೋಗುತ್ತದೆ, ಬಟ್ಟೆಗೆ ಕತ್ತರಿ ಹಾಕುವ ಧೈರ್ಯ ಇಲ್ಲ. ಅಕ್ಕನ ಅಂಗಡಿ ಇರುವುದು ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ. ಅಂಗಡಿಯ ಮೇಲೆ ಎರಡು ಕೋಣೆ ಖಾಲಿ ಇವೆ. ಇವಳು ಹೋಗುವುದು ಖಂಡಿತ. ನಾನು ಹೋಗುವುದು ಬಿಡುವುದು ನನಗೆ ಬಿಟ್ಟದ್ದಂತೆ. ನಾನು ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯಲ್ಲಿ ಕೆಲಸ ಮಾಡುವವನು. ಆ ಊರಿನಲ್ಲೂ ನಮ್ಮ ಕಚೇರಿ ಇದೆ. ತಕ್ಕಡಿಗಳು ಎಲ್ಲ ಊರಲ್ಲೂ ಸುಳ್ಳು ಹೇಳುತ್ತವೆ, ವರ್ಗಾವಣೆ ಕೇಳಿದರೆ ಕೊಡುವುದಿಲ್ಲವೇ ಎಂದಳು.

"ತಿಂಗಳ ಕೊನೆಗೆ ಹೊರಡ್ತೀನಿ ರೀ. ಅಷ್ಟರೊಳಗೆ ಬರ್ತೀನಿ ಅನ್ನಿ, ಇಲ್ಲ ಬರಲ್ಲ ಅನ್ನಿ. ಏನೋ ಒಂದು ಅನ್ನಿ."

ಈ ಪೆಟ್ಟಿಗೆ ಒಂದು ಹದಕ್ಕೆ ಬರಲಿ, ಆಮೇಲೆ ಹೇಳುತ್ತೇನೆ ಎಂದೆ. ಅದರಲ್ಲಿ ತಪ್ಪಿಲ್ಲ. ಅರ್ಧ ಗಮನದಲ್ಲಿ ಉತ್ತರ ಕೊಡುವವನಲ್ಲ ನಾನು.

ಸೆಪ್ಟೆಂಬರ್ 9, ಸೋಮವಾರ

ಶನಿವಾರ ಸೋಫಾ ಬಟ್ಟೆಯ ಥಾನುಗಳು ಹೋದವು. ಒಬ್ಬ ಗಾಡಿಯವನು ಬಂದು ಭುಜದ ಮೇಲೆ ಹೊತ್ತು ಇಳಿಸಿದ. ಗೋಡೆಯ ಕೆಳಗಿನ ಮೂರನೆಯ ಒಂದು ಭಾಗ ಈಗ ಬರಿದು. ಕೋಣೆ ಚೊಕ್ಕಟವಾಗಿದೆ.

ಸದ್ದಿನಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ. ಪಿಟೀಲಿನ ಮೇಲಿನ ಸ್ವರಗಳಿಗೆ ಗಾಜಿನ ಅಂಚು ಬಂದಿದೆ. ಮೊದಲನೆಯ ವಾಲ್ವಿನ ಮೇಲೆ ಅನುಮಾನ. ಪೆನ್ಸಿಲಿನ ರಬ್ಬರು ತುದಿಯಿಂದ ಒಂದೊಂದನ್ನೂ ತಟ್ಟಿ ನೋಡಿದೆ. ಕೆಟ್ಟ ವಾಲ್ವು ತಟ್ಟಿದರೆ ಸ್ಪೀಕರಿನಲ್ಲಿ ಲೋಟದಂತೆ ಠಣ್ಣೆನ್ನುತ್ತದೆ. ಯಾವುದೂ ಅನ್ನಲಿಲ್ಲ. ವಾಲ್ವುಗಳ ಲೋಹದ ಕಾಲುಗಳನ್ನು ಉಜ್ಜಿ ಮತ್ತೆ ಕೂರಿಸಿದೆ. ವ್ಯತ್ಯಾಸವಿಲ್ಲ.

ಸೆಪ್ಟೆಂಬರ್ 14, ಶನಿವಾರ

ಎರಡು ದಿನ ಅಕ್ಕನ ಊರಿಗೆ ಹೋಗಿದ್ದವಳು ಮಧ್ಯಾಹ್ನ ಬಂದಳು. ಅಂಗಿಯ ನಮೂನೆ ಕತ್ತರಿಸುವ ಕಂದು ಕಾಗದದ ಒಂದು ಹಾಳೆಯನ್ನು ನಾಲ್ಕಾಗಿ ಮಡಿಸಿ ನನ್ನ ಮೇಜಿನ ಮೇಲಿಟ್ಟಳು. ಮೇಲೆ ಅವಳ ಗುರುತು ಹಾಕುವ ಪೆನ್ಸಿಲಿನಲ್ಲಿ "12 × 12" ಎಂದಿತ್ತು.

"ಮೇಲಿನ ಕೋಣೆ. ಟೇಪ್ ಹಿಡಿದು ನಾನೇ ಅಳೆದೆ. ನೋಡಿ."

ಚೌಕ ಕೋಣೆ ಸದ್ದಿಗೆ ಬಹಳ ಕೆಟ್ಟದ್ದೆಂದು ವಿವರಿಸಿದೆ. ಉದ್ದ ಅಗಲ ಒಂದೇ ಆದರೆ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಕಾಣೆಯಾಗುತ್ತವೆ. ಅವಳು ಪೂರ್ತಿ ಕೇಳಿದಳು. ಈ ವಿಷಯಗಳನ್ನು ಅವಳು ಯಾವಾಗಲೂ ಪೂರ್ತಿ ಕೇಳುತ್ತಾಳೆ. "ನೀವು ಬಿಡಿಸಿ ನೋಡಿ, ಆಮೇಲೆ ಹೇಳಿ" ಎಂದು ಒಳಗೆ ಹೋದಳು.

ಸಂಜೆ ಉಸಿರು ಮತ್ತೆ ಧೂಳಿನ ಕಡೆಗೆ ಹೊರಳಿದೆ. ವೋಲ್ಟೇಜು ಬರೆದುಕೊಳ್ಳಲು ಕಾಗದ ಸಿಗದೆ ಆ ಕಂದು ಕಾಗದದ ಮೇಲೆಯೇ ಬರೆದೆ: ಒಂದನೆಯ ವಾಲ್ವು 1.58, ಎರಡನೆಯದು 1.61.

ಸೆಪ್ಟೆಂಬರ್ 15, ಭಾನುವಾರ

ವಾಲ್ವ್ ಮುದುಕನ ಅಂಗಡಿಗೆ ಹೋಗಿದ್ದೆ. ಮೆಟ್ಟಿಲ ಕೆಳಗಿನ ಗೂಡು ಅದು, ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ. ಹಳೆಯ ರೇಡಿಯೋ ರಿಪೇರಿ ಮಾಡಿಕೊಂಡೇ ಎಪ್ಪತ್ತೆಂಟರ ವಯಸ್ಸು ದಾಟಿದ್ದಾನೆ. ನನ್ನನ್ನು ತಕ್ಕಡಿ ಎಂದೇ ಕರೆಯುವುದು.

"ಏನಪ್ಪಾ ತಕ್ಕಡಿ, ಇವತ್ತು ಎಷ್ಟು ಗ್ರಾಮು ಕಮ್ಮಿ ಬಿತ್ತು?"

ಲಕ್ಷಣ ಹೇಳಿದೆ. ಒಂದು ಜೊತೆ ಹಳೆಯ ವಾಲ್ವು ಕೊಟ್ಟ, ಮೂವತ್ತು ವರ್ಷ ಡಬ್ಬಿಯಲ್ಲೇ ಇದ್ದವು. ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳಿದ. ಬಟ್ಟೆ ಸಾಗಿಸುತ್ತಿದ್ದಾಳೆ ಎಂದೆ. ಎಲ್ಲಿಗೆ ಎಂದ. ಅದಕ್ಕೆ ಉತ್ತರ ಕೊಡುವ ಮುಂಚೆ ಬೇರೆ ಗಿರಾಕಿ ಬಂದ.

ಹೊಸ ಜೋಡಿಯಲ್ಲೂ ಅದೇ ಅಂಚು. ಇನ್ನೂ ಒಂದು ಎಳೆ ಹೆಚ್ಚೇ. ಕೋಟಿನ ಬಟ್ಟೆಗಳೂ ಹೋಗಿವೆ.

ಸೆಪ್ಟೆಂಬರ್ 19, ಗುರುವಾರ

ಅರ್ತಿಂಗ್ ತಂತಿಗಳನ್ನೆಲ್ಲ ಕಿತ್ತು ಒಂದೇ ಬಿಂದುವಿಗೆ ಸೇರಿಸಿದೆ. ಟ್ರಾನ್ಸ್‌ಫಾರ್ಮರನ್ನು ಕಾಲು ಸುತ್ತು ತಿರುಗಿಸಿದೆ. ಪೆಟ್ಟಿಗೆಯ ಕೆಳಗೆ ರಬ್ಬರಿನ ಬಿಲ್ಲೆ ಇಟ್ಟೆ. ಕಚೇರಿಯಲ್ಲಿ ಒಬ್ಬ ಹೊಸಬನಿಗೆ ಮೊದಲ ಪಾಠ ಹೇಳಿಕೊಡಬೇಕಾಯಿತು: ತಕ್ಕಡಿ ತಪ್ಪು ತೋರಿಸಿದರೆ ತಕ್ಕಡಿಯನ್ನು ಮುಟ್ಟಬೇಡ, ಮೊದಲು ಅದು ಕೂತಿರುವ ಮೇಜು ಮಟ್ಟವಾಗಿದೆಯೇ ನೋಡು. ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದೇನೆ, ಆದರೂ ಎಲ್ಲರೂ ಮೊದಲು ಸ್ಕ್ರೂಗೇ ಕೈ ಹಾಕುತ್ತಾರೆ.

ಸದ್ದು ನಿನ್ನೆಗಿಂತ ಕೆಟ್ಟದಾಗಿದೆ. ಕೆಟ್ಟದ್ದು ಎಂದರೆ ಸಾಲದು. ಪಿಟೀಲು ಕಿರುಚುತ್ತಿದೆ. ಮಂದ್ರದ ಸ್ವರಗಳು ಮೂಲೆಯಲ್ಲಿ ಗುಂಯ್ ಎಂದು ಕೂತಿವೆ.

ಇವಳು ಬಾಗಿಲಿಗೆ ಒರಗಿ ನಿಂತು ಕೇಳಿದಳು. "ತುಂಬಾ ಕಿವಿಗೆ ಚುಚ್ಚತ್ತೆ ಅಲ್ವಾ?" ಎಂದಳು. ಮೂರನೆಯ ವಾಲ್ವಿನ ದೋಷ ಇರಬೇಕು ಎಂದೆ. ಅವಳು ಕೈಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಗಿಟ್ಟುಕೊಂಡಳು. 

ಸೆಪ್ಟೆಂಬರ್ 22, ಭಾನುವಾರ

ಕಪ್ಯಾಸಿಟರುಗಳನ್ನು ಬದಲಿಸಿದೆ, ಆರೂ. ಅವು ಪಳಗಲು ಐವತ್ತು ಗಂಟೆ ಬೇಕು. ಅಲ್ಲಿಯವರೆಗೆ ತೀರ್ಪು ಕೊಡಬಾರದು. ದಿನಕ್ಕೆ ಎರಡು ಗಂಟೆಯಂತೆ ಇಪ್ಪತ್ತೈದು ದಿನ.

"ಇನ್ನು ಎಂಟು ದಿನ ಇದೆ ರೀ" ಎಂದಳು. ನಾನು ಇಪ್ಪತ್ತೈದು ಎಂದು ತಿದ್ದಿದೆ. ಅವಳು ನಕ್ಕಳು. ಈ ನಗು ಈಚೆಗೆ ಅಪರೂಪ, ಆದ್ದರಿಂದ ಬರೆದಿಟ್ಟೆ.

ಸೆಪ್ಟೆಂಬರ್ 26, ಗುರುವಾರ

ಪರದೆಯ ಬಟ್ಟೆ ಹೋಯಿತು. ಗೋಡೆಯಲ್ಲಿ ಥಾನುಗಳಿದ್ದ ಜಾಗ ತಿಳಿಬಣ್ಣದಲ್ಲಿ ಉಳಿದಿದೆ. ಪಿಟೀಲು ಕೇಳಲಾಗಲಿಲ್ಲ. ಹತ್ತು ನಿಮಿಷಕ್ಕೆ ಮುಳ್ಳು ಎತ್ತಿದೆ, ಕಪ್ಯಾಸಿಟರು ಪಳಗಲೆಂದು ಪೆಟ್ಟಿಗೆಯನ್ನು ಮಾತ್ರ ಒಂಬತ್ತರವರೆಗೆ ಆರಿಸಲಿಲ್ಲ.

ಏಳೂಕಾಲಿಗೇ ಮುಗಿದದ್ದರಿಂದ, ಬೇಕಾದರೆ ಹೊಲಿಯಬಹುದು ಎಂದು ಹೇಳಿದೆ. ಯಂತ್ರವನ್ನು ಆಗಲೇ ಕಟ್ಟಿಟ್ಟಿದ್ದಳು.

ಸೆಪ್ಟೆಂಬರ್ 30, ಸೋಮವಾರ

ರಜೆ ಹಾಕಿದ್ದೆ, ಇವಳು ಹೊರಡುವ ದಿನ. ಬಸ್ಸು ಹನ್ನೊಂದೂವರೆಗೆ. ಬೆಳಿಗ್ಗೆ ಬೇರೆ ಕೆಲಸವಿರಲಿಲ್ಲ, ಪೆಟ್ಟಿಗೆ ತೆರೆದು ಮೂರನೆಯ ವಾಲ್ವಿನ ವೋಲ್ಟೇಜು ನೋಡುತ್ತಿದ್ದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮೀಟರಿನ ಮೊನೆ. ಮುನ್ನೂರು ವೋಲ್ಟಿನ ಪಕ್ಕದಲ್ಲಿ ಕೈ ಇರುವಾಗ ತಲೆ ಎತ್ತಬಾರದು.

"ಹೊರಟೆ ರೀ."

"ಒಂದು ನಿಮಿಷ" ಎಂದೆ. ಅಂಕಿ ನೆಲೆಗೊಂಡಿತು. "ಒಂದು ಬಿಂದು ಆರು ಎರಡು" ಎಂದು ಗಟ್ಟಿಯಾಗಿ ಹೇಳಿದೆ, ಅಭ್ಯಾಸ. ಕೈ ಒಳಗಿದ್ದಾಗ ನಾನು ಹೇಳುತ್ತೇನೆ, ಅವಳು ಬರೆದುಕೊಳ್ಳುತ್ತಾಳೆ. ಇವತ್ತೂ ಚೀಲ ಕೆಳಗಿಟ್ಟು, ಮೇಜಿನ ಮೇಲಿದ್ದ ಕಂದು ಕಾಗದದಲ್ಲಿ ನನ್ನ ಅಂಕಿಗಳ ಕೆಳಗೆ 1.62 ಎಂದು ಬರೆದಳು. ಆಮೇಲೆ ಕಾಗದವನ್ನು ಎತ್ತಿ ಹಿಡಿದು ನೋಡಿದಳು. ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದಳು, ಬಟ್ಟೆಯ ಅಂಚು ಮಡಿಸುವಾಗ ಎಳೆಯುವ ಹಾಗೆ. ಇದ್ದಲ್ಲೇ ಇಟ್ಟಳು.

ಬಸ್ ನಿಲ್ದಾಣಕ್ಕೆ ನಾನೂ ಬರಲೇ ಎಂದೆ. ಬೇಡ, ಪೆಟ್ಟಿಗೆ ತೆರೆದಿದೆ, ಧೂಳು ಬೀಳುತ್ತೆ ಎಂದಳು. ಕೋಪದಿಂದ ಹೇಳಲಿಲ್ಲ.

ಸಂಜೆ ಏಳಕ್ಕೆ ಕಪ್ಯಾಸಿಟರುಗಳ ಹದಿನೇಳನೆಯ ಗಂಟೆ ಶುರುವಾಯಿತು.

ಅಕ್ಟೋಬರ್ 6, ಭಾನುವಾರ

ಬದಲಾವಣೆ ಇಲ್ಲ.

ಒಳಕೋಣೆಯ ನೆಲದಲ್ಲಿ ಒಂಬತ್ತು ಗುಂಡುಸೂಜಿ ಸಿಕ್ಕವು. ಅಯಸ್ಕಾಂತ ಆಡಿಸಿದರೆ ಇನ್ನೂ ಸಿಗಬಹುದು, ಆಡಿಸಲಿಲ್ಲ. ಉತ್ತರ ಬರೆಯಬೇಕೆಂದು ಕೂತೆ. ಪೆಟ್ಟಿಗೆ ಹದಕ್ಕೆ ಬಂದ ಮೇಲೆ ಎಂದು ಹೇಳಿದ್ದೆನಲ್ಲ, ಇನ್ನೂ ಬಂದಿಲ್ಲ. ಹಾಗೆಂದೇ ಬರೆಯಬಹುದಿತ್ತು.

ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕುವುದು ಹೊರಕೋಣೆಗೆ ಕೇಳುತ್ತದೆ. ಮೊದಲು ಕೇಳುತ್ತಿರಲಿಲ್ಲ.

ಅಕ್ಟೋಬರ್ 13, ಭಾನುವಾರ

ವಾಲ್ವ್ ಮುದುಕನನ್ನು ಮನೆಗೆ ಕರೆತಂದೆ. ಮೂರು ಮಹಡಿ ಹತ್ತಲು ಹದಿನೈದು ನಿಮಿಷ ತೆಗೆದುಕೊಂಡ. ಪ್ರತಿ ಮಹಡಿಯಲ್ಲೂ ಕೂತು ನನ್ನ ವಂಶವನ್ನು ಬೈದ. ಹೊರಕೋಣೆಯ ಹೊಸ್ತಿಲಲ್ಲಿ ನಿಂತವನು ಪೆಟ್ಟಿಗೆಯ ಹತ್ತಿರವೂ ಬರಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದೇ ಒಂದು ಸಲ ಚಪ್ಪಾಳೆ ತಟ್ಟಿದ.

ಸದ್ದು ಗೋಡೆಯಿಂದ ಗೋಡೆಗೆ ಹಾರಿ ಹಾರಿ ಝರ್ರೆಂದು ಸತ್ತಿತು. ಖಾಲಿ ನೀರಿನ ತೊಟ್ಟಿಯೊಳಗೆ ತಟ್ಟಿದ ಹಾಗೆ.

"ಇಲ್ಲಿ ಏನಿತ್ತು?" ಎಂದು ಹಿಂದಿನ ಗೋಡೆಗೆ ಕೋಲು ತೋರಿಸಿದ.

ಬಟ್ಟೆ ಎಂದೆ.

"ಎಷ್ಟು?"

ನೆಲದಿಂದ ಸೂರಿನವರೆಗೆ ಎಂದೆ.

"ಅಲ್ಲಯ್ಯಾ, ಮೇಜು ನೋಡದೆ ತಕ್ಕಡಿ ಬಿಚ್ಚಿದೆಯಲ್ಲೋ. ನಿನ್ನ ಪೆಟ್ಟಿಗೆ ಮೊದಲ ದಿನದಿಂದ ಸರಿಯಾಗೇ ಇದೆ. ಸದ್ದನ್ನ ಕುಡೀತಿದ್ದದ್ದು ಆ ಬಟ್ಟೆ. ಅದನ್ನ ಯಾರು ತೆಗೆಸಿದ್ದು?"

ನಾನೇ ಎಂದು ಹೇಳಿದೆ. ಅವನು ಆಮೇಲೆ ಗೇಲಿ ಮಾಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ನೀರು ಕುಡಿದು, ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡಿದ್ದ.

ಅವನನ್ನು ಬಿಟ್ಟು ಬಂದ ಮೇಲೆ ಕೋಣೆಯ ಅಳತೆ ತೆಗೆದೆ. ಎಷ್ಟು ಬಟ್ಟೆ ಬೇಕೆಂದು ಲೆಕ್ಕ ಹಾಕಲು ಕಂದು ಕಾಗದ ಎತ್ತಿಕೊಂಡೆ. ಮೇಲೆ ಜಾಗವಿರಲಿಲ್ಲ, ಅಂಕಿಗಳೇ ತುಂಬಿದ್ದವು. ಬಿಡಿಸಿದೆ.

ಒಳಗೆ ಒಂದು ಕೋಣೆಯ ನಕ್ಷೆ ಇತ್ತು. ಅವಳು ಅಂಗಿಯ ತೋಳು ಕತ್ತರಿಸುವ ಮುಂಚೆ ಎಳೆಯುವಂಥ ನೇರ ಗೆರೆಗಳು. ಕಿಟಕಿ ಎಲ್ಲಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಪ್ಲಗ್ಗು ನೆಲದಿಂದ ಎಷ್ಟು ಎತ್ತರ. ಎರಡು ಚಿಕ್ಕ ಚೌಕಗಳ ಪಕ್ಕದಲ್ಲಿ "ಸ್ಪೀಕರ್", ಒಂದು ದೊಡ್ಡ ಚೌಕದೊಳಗೆ "ನೀವು". ಹಿಂದಿನ ಗೋಡೆಯುದ್ದಕ್ಕೂ ಪೆನ್ಸಿಲು ಒತ್ತಿ ಒತ್ತಿ ಕಪ್ಪು ಮಾಡಿದ್ದಳು. ಅದರ ಪಕ್ಕ ಬರೆದದ್ದನ್ನು ಇಲ್ಲಿ ಇಳಿಸುತ್ತೇನೆ:

"ಇಲ್ಲಿ ನನ್ನ ದಪ್ಪ ಬಟ್ಟೆ, ಮೇಲಿನ ತನಕ. ಇಲ್ಲದಿದ್ದರೆ ಕಿರುಚುತ್ತೆ. ಆ ವರ್ಷ ಪರದೆ ಎಲ್ಲ ಒಟ್ಟಿಗೆ ಮಾರಿಹೋದಾಗ ನೀವು ಮೂರು ಸಲ ವಾಲ್ವ್ ಬದಲಿಸಿದಿರಿ, ನಾನು ಹೊಸ ಥಾನು ತಂದಿಟ್ಟ ಮೇಲೆ ಸರಿ ಹೋಯ್ತು ಅಂದಿರಿ. ಚೌಕ ಆದರೂ ಬಟ್ಟೆ ಇದ್ದರೆ ನಡೆಯುತ್ತೆ ಅನ್ನಿಸುತ್ತೆ. ಕೆಳಗಿನ ಅಂಗಡಿಗೆ ಬೇರೆ ಮೀಟರು, ಬೇರೆ ಲೈನು. ಏಳಕ್ಕೆ ಯಂತ್ರ ನಿಲ್ಲಿಸಬೇಕಾಗಿಲ್ಲ. ಇಬ್ಬರಿಗೂ ಆಗುತ್ತೆ."

ಹದಿನಾರು ದಿನ ಇದು ಅವಳ ಕಣ್ಣೆದುರು ಮಡಿಸಿದ ಹಾಗೆಯೇ ಇತ್ತು.

ಅಕ್ಟೋಬರ್ 14, ಸೋಮವಾರ

ಕಚೇರಿಯಿಂದ ಬಂದು ಏಳೂಕಾಲಿಗೆ ಫೋನು ಮಾಡಿದೆ. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ವರ್ಗಾವಣೆಯ ಅರ್ಜಿ ಕೊಡುವುದು, ಸಾಗಿಸಲು ಬೇಕಾಗುವ ದಿನಗಳು, ಎಲ್ಲ.

ಕಾಗದ ಬಿಡಿಸಿ ನೋಡಿದೆ ಎಂದೆ.

"ಯಾವಾಗ?"

"ನಿನ್ನೆ."

 ಅವಳ ಹಿಂದೆ ಯಂತ್ರ ಓಡುತ್ತಿತ್ತು. ಉದ್ದ ಹೊಲಿಗೆ, ಪರದೆ ಇರಬೇಕು. ಅಕ್ಕ ಹೊಲಿಯುತ್ತಿದ್ದಾಳೆಯೇ ಎಂದು ಕೇಳಿದೆ.

"ಇಲ್ಲ, ನಾನೇ. ಫೋನು ಭುಜಕ್ಕೆ ಒತ್ತಿಕೊಂಡಿದೀನಿ."

ನಾನು ಬರುತ್ತೇನೆ ಎಂದು ಹೇಳಿದೆ. ಚೀಟಿಯಲ್ಲಿ ಇದ್ದದ್ದನ್ನೆಲ್ಲ ಓದಿದೆ. ಅವಳು ಪೂರ್ತಿ ಕೇಳಿದಳು. ಮೇಲಿನ ಆ ಕೋಣೆಗೆ ಈಗ ಕತ್ತರಿಸುವ ಮೇಜು ಹಾಕಿದ್ದಾರಂತೆ. ಬೆಳಕು ಚೆನ್ನಾಗಿದೆ, ಅಕ್ಕನಿಗೂ ಸ್ವಲ್ಪ ಕಾಣಿಸುತ್ತದಂತೆ. ನೋಡಲು ಬರುವುದಾದರೆ ಬರಬಹುದು, ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂದಳು. ಯಾರೋ ಗಿರಾಕಿಗೆ ಹೇಳುವ ಹಾಗೆ ಹೇಳಿದಳೆಂದು ಬರೆದರೆ ಅನ್ಯಾಯವಾಗುತ್ತದೆ. ಮೆತ್ತಗೇ ಹೇಳಿದಳು.

"ಹನ್ನೊಂದು ವರ್ಷ ಸಂಜೆ ಹೊತ್ತು ಸುಮ್ಮನೆ ಕೂತಿದ್ದೆ ರೀ. ಬೇಜಾರಾಗಿ ಅಲ್ಲ, ನಂಗೂ ಆ ಪಿಟೀಲು ಇಷ್ಟಾನೇ. ಒಂದ್ಸಲ ಆದ್ರೂ ಇಲ್ಲಿ ಬಂದು ಕೂತ್ಕೋ ಅಂತೀರೇನೋ ಅಂತ."

ಚೀಟಿಯನ್ನು ತಿರುಗಿಸಿ ನೋಡಿದೆ, ಹಿಂಬದಿ ಖಾಲಿ. ಕೋಣೆಯಲ್ಲಿ ಕುರ್ಚಿ ಒಂದೇ ಇರುವುದು. ಸ್ಪೀಕರುಗಳಿಗೆ ಸರಿಯಾದ ಜಾಗ ಒಬ್ಬರಿಗಷ್ಟೇ ಸಿಗುತ್ತದೆ.

ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಅವಳು ಫೋನು ಇಟ್ಟ ಮೇಲೆಯೇ ಅದರ ಸದ್ದು ನಿಂತದ್ದು.

ಅಕ್ಟೋಬರ್ 20, ಭಾನುವಾರ

ಬಸ್ ನಿಲ್ದಾಣದವರೆಗೆ ಹೋದೆ. ಎರಡು ಬಸ್ಸು ಹೋದವು.

ವಾಪಸು ಬರುವ ದಾರಿಯಲ್ಲಿ ಬಟ್ಟೆ ಅಂಗಡಿ ಹೊಕ್ಕೆ. ದಪ್ಪ ಬಟ್ಟೆ, ಗೋಡೆಯಳತೆ ಎಂದೆ. ಅಂಗಡಿಯವನು ಯಾವ ಬಣ್ಣ ಎಂದು ಕೇಳಿದ. ಮೊದಲು ಇದ್ದದ್ದೇ ಎಂದೆ. ಅದು ಯಾವುದು ಎಂದ. ಎಷ್ಟು ಯೋಚಿಸಿದರೂ ಸಾಕೆಟ್ಟಿನಲ್ಲಿ ಸಿಕ್ಕ ಆ ನೀಲಿ ಎಳೆ ಬಿಟ್ಟು ಒಂದು ಬಣ್ಣವೂ ನೆನಪಾಗಲಿಲ್ಲ.

ನವೆಂಬರ್ 3, ಭಾನುವಾರ

ಬಟ್ಟೆ ಪೇರಿಸಿ ಮುಗಿಯಿತು. ನೆಲದಿಂದ ಸೂರಿನವರೆಗೆ, ಎಲ್ಲ ನೀಲಿ. ವಾಲ್ವ್ ಮುದುಕ ಬರಲು ಒಪ್ಪಲಿಲ್ಲ, ಫೋನಿನಲ್ಲೇ ಚಪ್ಪಾಳೆ ತಟ್ಟಿ ಕೇಳಿಸು ಎಂದ. ತಟ್ಟಿದೆ. "ಸರಿ ಹೋಯ್ತು, ಬಿಡು" ಎಂದ.

ಐವತ್ತು ಗಂಟೆಗಳೂ ಮುಗಿದಿವೆ. ನಿನ್ನೆ ಕೇಳಿದೆ. ಅಂಚು ಹೋಗಿದೆ, ಮಂದ್ರ ಬಿಗಿಯಾಗಿದೆ. ಸೆಪ್ಟೆಂಬರ್ ಒಂದರ ಸದ್ದಿಗಿಂತ ಒಂದು ಕೂದಲೆಳೆ ಮೇಲೇ ಇರಬಹುದು. ಉಸಿರು ಸ್ಪಷ್ಟ. ಕರೆಂಟಿನ ತಂತಿಯಲ್ಲಿ ಗುರುಗುರು ಇಲ್ಲ, ಮೀಟರಿನಲ್ಲಿ ಸೊನ್ನೆ. ಈ ಮನೆಯಲ್ಲಿ ಇಷ್ಟು ಚೊಕ್ಕ ಸದ್ದು ಎಂದೂ ಇರಲಿಲ್ಲ.

ಒಳಕೋಣೆಯಿಂದ ಇನ್ನೊಂದು ಕುರ್ಚಿ ತಂದು ನನ್ನದರ ಪಕ್ಕದಲ್ಲಿ ಹಾಕಿದೆ. ಹಾಕಿದರೆ ಎರಡೂ ಸ್ವಲ್ಪ ಓರೆಗೆ ಬರುತ್ತವೆ. ಕೂತು ನೋಡಿದೆ. ಅಂಥ ವ್ಯತ್ಯಾಸವೇನಿಲ್ಲ.

ಇವತ್ತು ಆರೂವರೆಗೆ ಹಚ್ಚಿದೆ. ಏಳಕ್ಕೆ ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ "ಏಳಾಯ್ತು" ಅಂದೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ವಾಲ್ವುಗಳು ಬಿಸಿಯಾಗಿದ್ದವು. ರೆಕಾರ್ಡು ಹಾಕಲಿಲ್ಲ. ಒಂಬತ್ತಕ್ಕೆ ಆರಿಸಿದೆ.